ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದವಳು. ಕ್ಯಾನ್ಸರ್ ಆದವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಬಾಗಲಕೋಟೆ, ಬೆಳಗಾವಿ ಕಡೆಯವರೂ ಫೋನ್ ಮಾಡುತ್ತಾರೆ, ಕೆಲವರು ಪತ್ರ ಬರೆಯುತ್ತಾರೆ. ಊರು ಬೇರೆಯಾದರೂ ಪ್ರಶ್ನೆಗಳು ಬಹಳ ಸಲ ಅವೇ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಯಾವ ಔಷಧ, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಮನಸ್ಸಿನ ವಿಷಯಕ್ಕೆ ಆಸ್ಪತ್ರೆಯಲ್ಲಿ ಯಾರಿಗೂ ಹೊತ್ತು ಸಿಗುವುದಿಲ್ಲ. ಅದಕ್ಕೇ ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

## ಮೊದಲ ದಿನಗಳು

ರಿಪೋರ್ಟ್ ಬಂದಾಗಿಂದ ತಲಿ ಖಾಲಿ ಆದಂಗ ಆಗೇತ್ರಿ. ಡಾಕ್ಟರ್ ಹೇಳಿದ್ದು ಒಂದೂ ನೆನಪಿಲ್ಲ. ಎಲ್ಲಾರಿಗೂ ಹಿಂಗ ಆಗ್ತದೇನ್ರಿ?

ಬಹಳ ಜನರಿಗೆ ಆಗುತ್ತದೆ. ‘ಕ್ಯಾನ್ಸರ್’ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಡಾಕ್ಟರು ಹೇಳಿದ್ದು ತಲೆಗೆ ಹೋಗುವುದೇ ಇಲ್ಲ. ಮೊದಲ ಒಂದೆರಡು ವಾರ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. ರಿಪೋರ್ಟ್ ಬೇರೆಯವರದ್ದಿರಬೇಕು ಅಂತಲೂ ಅನಿಸುತ್ತದೆ. ನೀವು ಅಂಜುಬುರುಕರು ಅಂತ ಇದರರ್ಥ ಅಲ್ಲ.

ಮುಂದಿನ ಭೇಟಿಗೆ ಮನೆಯವರಲ್ಲಿ ಯಾರಾದರೂ ಸಮಾಧಾನದವರನ್ನು ಕರೆದುಕೊಂಡು ಹೋಗಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇದು ಯಾವ ಬಗೆಯ ಕ್ಯಾನ್ಸರ್? ಯಾವ ಸ್ಟೇಜ್? ಇನ್ನೂ ಯಾವ ಪರೀಕ್ಷೆ ಬಾಕಿ ಇದೆ? ಚಿಕಿತ್ಸೆ ಪೂರ್ತಿ ಗುಣ ಮಾಡಲಿಕ್ಕೋ, ಹತೋಟಿಯಲ್ಲಿ ಇಡಲಿಕ್ಕೋ? ಈ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ. ಡಾಕ್ಟರನ್ನು ಕೇಳಿ, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಬಹಳಷ್ಟು ಡಾಕ್ಟರು ಬೇಡ ಅನ್ನುವುದಿಲ್ಲ.

ಮೊದಲು ಟಿಬಿ ಅಂದ್ರು. ತಿಂಗಳಗಟ್ಟಲೆ ಗುಳಿಗಿ ನುಂಗಿಸಿದ್ವಿ. ಈಗ ಕ್ಯಾನ್ಸರ್ ಅಂತಾರ. ನಾವಾ ತಡಾ ಮಾಡಿದ್ವೇನು?

ನೀವು ತಡ ಮಾಡಲಿಲ್ಲ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಕಲೆ ಕಾಣುವುದು, ಇವೆಲ್ಲ ಎರಡೂ ರೋಗದಲ್ಲಿ ಇರುತ್ತವೆ. ಟಿಬಿ ನಮ್ಮಲ್ಲಿ ಬಹಳ ಇರುವುದರಿಂದ ಡಾಕ್ಟರ ಗಮನ ಮೊದಲು ಅತ್ತ ಹೋಗುತ್ತದೆ. ದೇಶದ ತುಂಬ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗಿಸಿದವರು ನೀವು. ಆ ತಿಂಗಳುಗಳ ಹೊರೆಯನ್ನು ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಇನ್ನೂ ಟಿಬಿ ಗುಳಿಗೆಯಲ್ಲೇ ಇರುವವರಿಗೆ ಒಂದು ಮಾತು. ಕಫದ ಪರೀಕ್ಷೆಯಲ್ಲಿ ಟಿಬಿ ಸಿಕ್ಕಿರದಿದ್ದರೆ, ಗುಳಿಗೆ ಶುರುವಾಗಿ ಎರಡು ತಿಂಗಳಾದರೂ ಕೆಮ್ಮು ಇಳಿಯದಿದ್ದರೆ, ಸಿಟಿ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ನಮ್ಮವ್ವ ಬೀಡಿ ಮುಟ್ಟಿದಾಕಿ ಅಲ್ಲ, ಎಲಿ ತಂಬಾಕ ಸುದ್ದಾ ಇಲ್ಲ. ಆಕಿಗ ಹ್ಯಾಂಗ ಬಂತ್ರಿ?

ಹೊಗೆಯ ಚಟವೇ ಇಲ್ಲದವರಿಗೂ ಇದು ಬರುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಮನೆಯಲ್ಲಿ ಬೇರೆಯವರು ಬಿಡುವ ಬೀಡಿ ಹೊಗೆ ಒಂದು ಕಾರಣ. ಗಾಳಿ ಬರದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕುಡಿದ ಒಲೆಯ ಹೊಗೆಯ ಮೇಲೂ ಗುಮಾನಿ ಇದೆ. ಹೊರಗಿನ ಗಾಳಿಯ ಮಾಲಿನ್ಯವೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಹೇಳಿದೆ. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ.

ಇಂಥವರಲ್ಲಿ ಹೆಚ್ಚಾಗಿ ಕಾಣುವುದು ಅಡಿನೋಕಾರ್ಸಿನೋಮ ಅನ್ನುವ ಬಗೆ. ಅದಿದ್ದರೆ ಜೀನ್ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ. ನಮ್ಮ ದೇಶದಲ್ಲಿ ಈ ಬಗೆ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಅನ್ನುವ ಜೀನಿನಲ್ಲಿ ಬದಲಾವಣೆ ಇರುತ್ತದೆ. ಅವರಿಗೆ ದಿನಾ ಮನೆಯಲ್ಲೇ ನುಂಗುವ ಗುಳಿಗೆ ಇದೆ.

ಸೇದಿ ಸೇದಿ ತಾನಾ ತಂದ್ಕೊಂಡಾನ ಅಂತ ಊರೆಲ್ಲಾ ಅಂತೈತಿ. ನಮ್ಮ ಯಜಮಾನ್ರು ಮಾರಿ ಎತ್ತವಲ್ರು.

ಬೀಡಿ, ಸಿಗರೇಟು ಈ ಕ್ಯಾನ್ಸರಿಗೆ ದೊಡ್ಡ ಕಾರಣ, ಅದನ್ನು ಮುಚ್ಚಿಡುವುದು ಬೇಡ. ಆದರೆ ನಿಪ್ಪಾಣಿ ಕಡೆ ಎಷ್ಟೋ ಮನೆಯ ಒಲೆ ಉರಿದಿದ್ದೇ ಬೀಡಿ ತಂಬಾಕಿನ ಮೇಲೆ. ನಮ್ಮ ಹಳ್ಳಿಗಳಲ್ಲಿ ಹೊಲದ ಕೆಲಸದ ನಡುವೆ ಒಂದು ಬೀಡಿ ಕೊಡುವುದೇ ಮರ್ಯಾದೆ ಆಗಿತ್ತು. ಹುಡುಗನಿದ್ದಾಗ ಹತ್ತಿದ ಚಟಕ್ಕೆ ಅರವತ್ತರಲ್ಲಿ ಒಬ್ಬನೇ ಅಪರಾಧಿ ಅನ್ನುವುದು ಯಾವ ನ್ಯಾಯ? ಸೇದಿದವರಿಗೂ ಸೇದದವರಿಗೂ ಬೇಕಾಗುವ ಆರೈಕೆ ಒಂದೇ.

ನಾಚಿಕೆಯಿಂದ ಜನ ಕೆಮ್ಮು, ನೋವು, ಉಸಿರಿನ ತೊಂದರೆ ಎಲ್ಲವನ್ನೂ ನುಂಗಿಕೊಂಡು ಕೂರುತ್ತಾರೆ. ಡಾಕ್ಟರ ಹತ್ತಿರವೂ ಹೇಳುವುದಿಲ್ಲ. ಅದಕ್ಕೇ ಮನೆಯವರು ಬೈಯುವುದನ್ನು ಪೂರ್ತಿ ನಿಲ್ಲಿಸಬೇಕು. ‘ಆಗಿದ್ದು ಆತು, ಈಗ ಜೋಡಿ ಅದೀವಿ’ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ಈಗಲೂ ಬೀಡಿ ಬಿಟ್ಟರೆ ಉಪಯೋಗ ಇದೆ: ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ, ಉಸಿರಾಟ ಸುಧಾರಿಸುತ್ತದೆ. ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಉಚಿತ ಸಹಾಯವಾಣಿ.

ಇದು ಅಂಟ್ತದೇನ್ರಿ? ಗಂಗಾಳ, ಗಲಾಸ್ ಬ್ಯಾರೆ ಇಡಬೇಕೇನು?

ಅಂಟುವುದಿಲ್ಲ. ಒಂದೇ ಗಂಗಾಳದಲ್ಲಿ ಉಣ್ಣಿ, ಮೊಮ್ಮಕ್ಕಳು ಪಕ್ಕದಲ್ಲೇ ಮಲಗಲಿ. ಗಂಗಾಳ ಬೇರೆ ಇಟ್ಟ ದಿನವೇ ಅರ್ಧ ಜೀವ ಹೋಯಿತು ಅಂದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸೂಜಿ ಚುಚ್ಚಿ ತುಣುಕು ತಗದ್ರ ಗಡ್ಡಿ ಸಿಟ್ಟಿಗೆದ್ದು ಹರಡ್ತದಂತ. ಖರೇನೇನ್ರಿ?

ಬಯಾಪ್ಸಿಯಿಂದ ರೋಗ ಹರಡುವುದು ತೀರಾ ಅಪರೂಪ. ಅದನ್ನು ಮಾಡದೆ ಯಾವ ಬಗೆ ಅಂತ ಗೊತ್ತಾಗುವುದಿಲ್ಲ, ಬಗೆ ಗೊತ್ತಾಗದೆ ಔಷಧ ಆರಿಸಲು ಬರುವುದಿಲ್ಲ. ಈ ಭಯದಲ್ಲಿ ವಾರಗಳನ್ನು ಕಳೆಯಬೇಡಿ.

## ಮನೆಯೊಳಗಿನ ಮಾತು

ಅಪ್ಪಾಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ ಅಂತ ಡಾಕ್ಟರಿಗೆ ಕೈ ಮುಗದು ಹೇಳೀವಿ. ಗೊತ್ತಾದ್ರ ಎದಿ ಒಡದು ಸಾಯ್ತಾನ. ಸರಿ ಮಾಡೀವಲ್ರಿ?

ನನಗೆ ಎಲ್ಲಕ್ಕಿಂತ ಜಾಸ್ತಿ ಸಲ ಬರುವ ಪ್ರಶ್ನೆ ಇದು. ನೀವು ಮುಚ್ಚಿಡುವುದು ಪ್ರೀತಿಯಿಂದ ಅಂತ ಗೊತ್ತು. ಆದರೂ ಹೇಳುತ್ತೇನೆ, ಮುಚ್ಚಿಡಬೇಡಿ.

ಮೊದಲನೆಯದಾಗಿ, ಅಪ್ಪನಿಗೆ ಬಹುಶಃ ಗೊತ್ತೇ ಇರುತ್ತದೆ. ಆಸ್ಪತ್ರೆಯ ಬೋರ್ಡ್ ಓದಲು ಬರುತ್ತದೆ, ಪಕ್ಕದ ಹಾಸಿಗೆಯವರು ಮಾತಾಡುತ್ತಾರೆ, ಮಗಳ ಕಣ್ಣು ಕೆಂಪಾಗಿದ್ದು ಕಾಣುತ್ತದೆ. ಬಾಗಲಕೋಟೆ ಕಡೆಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಮಗ ಹೊರಗೆ ನನ್ನ ಕೈ ಹಿಡಿದು ‘ಅಪ್ಪಾಗ ಹೇಳಬ್ಯಾಡ್ರಿ ಅಕ್ಕಾರ’ ಅಂದಿದ್ದ. ಒಳಗೆ ಹೋದರೆ ಹಿರಿಯರು ಬಾಗಿಲ ಕಡೆ ಒಮ್ಮೆ ನೋಡಿ, ಹೊದ್ದ ಧೋತರದ ತುದಿ ಸರಿಮಾಡಿಕೊಳ್ಳುತ್ತ, ಸಣ್ಣ ದನಿಯಲ್ಲಿ ಹೇಳಿದರು: ‘ನನಗ ಗೊತ್ತೈತಿ ತಂಗಿ. ಮಗಾಗ ಹೇಳಬ್ಯಾಡ, ಪಾಪ ತಡಕೊಳ್ಳಾಂಗಿಲ್ಲ.’ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಕೋಣೆಯಲ್ಲಿ ಇಡೀ ರಾತ್ರಿ ಕೂರುತ್ತಿದ್ದರು. ಕಾಯಿಲೆಗಿಂತ ಆ ಒಂಟಿತನ ದೊಡ್ಡದು ಅಂತ ನನಗೆ ಆಗ ಅನಿಸಿತು, ಈಗಲೂ ಅನಿಸುತ್ತದೆ.

ಎರಡನೆಯದು, ದೇಹ ಅವರದ್ದು. ಕಿಮೋ ಅನ್ನುವ ಕ್ಯಾನ್ಸರ್ ಔಷಧ ಬೇಕೋ ಬೇಡವೋ, ಇರುವ ದಿನಗಳಲ್ಲಿ ಏನು ಮಾಡಬೇಕು ಅನ್ನುವುದನ್ನು ಹೇಳುವ ಹಕ್ಕು ಅವರಿಗಿದೆ.

ಹೇಗೆ ಹೇಳುವುದು? ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯಬೇಡಿ. ‘ಅಪ್ಪಾ, ನಿಮಗ ಏನಾಗೇತಿ ಅಂತ ಅನಸ್ತೈತಿ?’ ಅಂತ ಕೇಳಿ ಸುಮ್ಮನಾಗಿ. ಅವರೇ ಹೇಳಬಹುದು. ‘ಎಲ್ಲಾ ತಿಳೀಬೇಕೋ, ಬ್ಯಾಡೋ?’ ಅಂತಲೂ ಕೇಳಿ. ಕೆಲವರು ‘ನೀವಾ ನೋಡ್ಕೋರಿ, ನನಗ ಹೇಳಬ್ಯಾಡ್ರಿ’ ಅನ್ನುತ್ತಾರೆ. ಹಾಗಂದರೆ ಒತ್ತಾಯ ಬೇಡ. ಅದು ಅವರ ಆಯ್ಕೆ.

ಸಣ್ಣ ಹುಡುಗರಿಗೆ ಏನ್ ಹೇಳೂಣ್ರಿ?

ನಿಜವನ್ನೇ, ಅವರ ವಯಸ್ಸಿಗೆ ತಕ್ಕಷ್ಟು. ‘ಆಯಿಗೆ ಎದೆಯಲ್ಲಿ ಗಡ್ಡೆ ಆಗಿದೆ, ಡಾಕ್ಟರು ಔಷಧ ಕೊಡುತ್ತಿದ್ದಾರೆ, ಸುಸ್ತು ಆಗುತ್ತದೆ’ ಅಂದರೆ ಸಾಕು. ಹಟ ಮಾಡಿದ್ದಕ್ಕೆ ಆಯಿಗೆ ಹೀಗಾಯಿತು ಅಂತ ಮಕ್ಕಳು ತಾವೇ ಅಂದುಕೊಳ್ಳುತ್ತಾರೆ. ‘ನಿನ್ನಿಂದ ಆಗಿದ್ದಲ್ಲ’ ಅಂತ ಬಿಡಿಸಿ ಹೇಳಿ.

ಮಾತಾಡ್ಸಾಕ ಬಂದವರು ‘ನಮ್ಮ ಕಾಕಾಗೂ ಹಿಂಗಾ ಆಗಿತ್ತು, ಮೂರ ತಿಂಗಳದಾಗ ಹ್ವಾದ’ ಅಂತಾರ. ಏನ್ ಮಾಡೂದು?

ಬಾಳೆಹಣ್ಣು, ಬ್ರೆಡ್ ಹಿಡಿದು ಬಂದು ಹಾಸಿಗೆಯ ಅಂಚಿಗೆ ಕೂತು ಸತ್ತವರ ಕಥೆ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಬಂದವರನ್ನು ಮೊದಲು ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಡಿ. ಇದಕ್ಕೆ ಗಟ್ಟಿ ಮನುಷ್ಯರೊಬ್ಬರನ್ನು ನೇಮಿಸಿ. ‘ಹತ್ತು ನಿಮಿಷ ಮಾತಾಡ್ಸ್ರಿ, ಬ್ಯಾನಿ ಮಾತು ಬ್ಯಾಡ್ರಿ, ಮಳಿ ಬೆಳಿ ಮಾತಾಡ್ರಿ’ ಅಂತ ಅವರು ಮೊದಲೇ ಹೇಳಲಿ. ಕಿಮೋ ಆದ ಮೇಲೆ ಸುಮಾರು ಒಂದರಿಂದ ಎರಡು ವಾರದ ನಡುವೆ ರಕ್ತದ ಬಿಳಿ ಕಣ ಕಡಿಮೆ ಇರುತ್ತವೆ. ಆಗ ನೆಗಡಿ, ಜ್ವರ ಇದ್ದವರನ್ನು ಒಳಗೆ ಬಿಡಲೇಬೇಡಿ. ಬೇಜಾರಾದರೆ ಆಗಲಿ.

ನನಗ ಅಳಾಕೂ ಪುರಸೊತ್ತಿಲ್ರಿ. ಗಂಡನ ಆರೈಕೆ, ಎಮ್ಮಿ, ಮಕ್ಕಳ ಸಾಲಿ, ಎಲ್ಲಾ ನಾನಾ. ಒಮ್ಮೊಮ್ಮೆ ಅವರ ಮ್ಯಾಲ ಸಿಟ್ಟು ಬರ್ತೈತಿ. ನಾ ಕೆಟ್ಟಾಕಿ ಏನ್ರಿ?

ಅಲ್ಲ ತಾಯಿ. ಸಿಟ್ಟು ಬರುವುದು ದಣಿವಿನಿಂದ. ನಮ್ಮಲ್ಲಿ ಆರೈಕೆ ಅಂದರೆ ಹೆಂಡತಿ ಅಥವಾ ಸೊಸೆಯ ಕೆಲಸ ಅಂತ ಉಳಿದವರೆಲ್ಲ ಕೈ ತೊಳೆದುಕೊಳ್ಳುತ್ತಾರೆ. ‘ಏನರ ಬೇಕಾದ್ರ ಹೇಳು’ ಅಂದವರಿಗೆ ಅಲ್ಲೇ ಕೆಲಸ ಹಚ್ಚಿ: ಮೈದುನ ಈ ಸಲ ಕಿಮೋಗೆ ಕರೆದುಕೊಂಡು ಹೋಗಲಿ, ನೆಗೆಣ್ಣಿ ವಾರಕ್ಕೆರಡು ದಿನ ರೊಟ್ಟಿ ಬಡಿದು ಕಳಿಸಲಿ. ದಿನಕ್ಕೆ ಅರ್ಧ ತಾಸು ಮನೆಯಿಂದ ಹೊರಗೆ ಹೋಗಿ. ನಿಮಗೂ ನಿದ್ದೆ ಕೆಟ್ಟು ಎದೆ ಬಡಿದುಕೊಳ್ಳುತ್ತಿದ್ದರೆ ನಿಮ್ಮ ಹೆಸರಿನಲ್ಲೇ ಚೀಟಿ ಮಾಡಿಸಿ ಡಾಕ್ಟರಿಗೆ ತೋರಿಸಿ.

## ಚಿಕಿತ್ಸೆ ನಡೆದಾಗ

ಎಲ್ಲಿ ತೋರಸಬೇಕ್ರಿ? ರೊಕ್ಕ ಹ್ಯಾಂಗ ಹೊಂದಸೂದು? ಇದಾ ಚಿಂತಿಗೆ ನಿದ್ದಿ ಇಲ್ಲ.

ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಬೆಳಗಾವಿಯಲ್ಲಿ ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ, ವಿಜಯಪುರದವರಿಗೆ ಹತ್ತಿರ. ಮಿರಜ್, ಸೊಲ್ಲಾಪುರ, ಮುಂಬೈಗೆ ಹೋಗುವವರು ನಮ್ಮ ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಅದಿಲ್ಲದೆ ಕೌಂಟರಿನಿಂದ ವಾಪಸ್ ಬಂದವರು ಬಹಳ. ಯಾವ ಔಷಧ ಯೋಜನೆಯಲ್ಲಿ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಿರುವವರಿಗೆ ಶೇ 75. ಅದರ ಫಾರ್ಮ್ ಆಸ್ಪತ್ರೆಯಲ್ಲೇ ತುಂಬಿ ಕೊಡುತ್ತಾರೆ.

ಹೊಲ ಮಾರುವ, ಬಡ್ಡಿಗೆ ತೆಗೆಯುವ ಮಾತು ಬಂದರೆ, ಈ ಚಿಕಿತ್ಸೆಯಿಂದ ಎಷ್ಟು ಉಪಯೋಗ ಆದೀತು ಅಂತ ಡಾಕ್ಟರನ್ನು ನೇರವಾಗಿ ಕೇಳಿದ ಮೇಲೆಯೇ ಮುಂದುವರಿಯಿರಿ. ರೋಗಿಯನ್ನೂ ಕೇಳಿ.

ಕಿಮೋ ಆದ ಮ್ಯಾಲ ರೊಟ್ಟಿ ಸೇರವಲ್ದು. ಬಾಯಾಗ ಹುಣ್ಣು. ಉಣ್ಣಲಿಲ್ಲಂದ್ರ ಮನಿಯಾಗ ಜಗಳ.

ನಾಲಿಗೆಯ ರುಚಿಯೇ ಬದಲಾಗಿರುತ್ತದೆ. ಬೇಕಂತ ಬಿಡುತ್ತಿಲ್ಲ. ಹುಣ್ಣಿದ್ದಾಗ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ, ರಂಜಕ ಪಕ್ಕಕ್ಕಿಡಿ. ಬಿಸಿ ಆರಿಸಿದ ಜೋಳದ ನುಚ್ಚು, ಹೆಸರುಬೇಳೆ ಕಿಚಡಿ, ಬೇಯಿಸಿದ ಮೊಟ್ಟೆ, ಮನೆಯ ತಾಜಾ ಮೊಸರು ಸ್ವಲ್ಪ ಸ್ವಲ್ಪ, ಎರಡು ತಾಸಿಗೊಮ್ಮೆ ಕೊಡಿ. ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳಿ. ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಶುಗರ್ ಇಲ್ಲದವರು ಒಂದು ತುಂಡು ಕರದಂಟು ಬೇಡಿದರೆ ಕೊಡಿ. ಆದರೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಗುಳಿಗೆ ಕೊಟ್ಟು ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಸವದತ್ತಿ ಎಲ್ಲಮ್ಮಗ ಹರಕಿ ಹೊತ್ತೀವಿ. ನಾಟಿ ಔಷಧಾನೂ ತಂದೀವಿ. ಆಸ್ಪತ್ರಿ ಗುಳಿಗಿ ಬಿಡಬಹುದೇನ್ರಿ?

ಹರಕೆ ಹೊರಿ, ಬನಶಂಕರಿಗೂ ಹೋಗಿ, ದರ್ಗಾಕ್ಕೂ ಹೋಗಿ. ನಂಬಿಕೆ ಮನಸ್ಸಿಗೆ ಬಲ ಕೊಡುತ್ತದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಳಿಗೆ ಮಾತ್ರ ಬಿಡಬೇಡಿ. ಕಿಮೋ ನಡೆದಾಗ ಕಠಿಣ ಉಪವಾಸವೂ ಬೇಡ. ನಾಟಿ ಔಷಧ ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಕೆಲವು ಬೇರು, ಪುಡಿಗಳು ಲಿವರಿಗೆ ಪೆಟ್ಟು ಕೊಡುತ್ತವೆ, ಆಗ ಕಿಮೋವನ್ನೇ ನಿಲ್ಲಿಸಬೇಕಾಗುತ್ತದೆ.

ರಾತ್ರಿ ಉಸಿರು ಕಟ್ಟಿದಂಗ ಆಗ್ತದ. ಅಂಜಿಕಿ ಬಂದು ಇನ್ನೂ ಜಾಸ್ತಿ ಆಗ್ತದ.

ಉಸಿರು ಕಡಿಮೆಯಾದರೆ ಭಯ, ಭಯವಾದರೆ ಉಸಿರು ಇನ್ನೂ ಜೋರು. ಈ ಸುತ್ತನ್ನು ಎಲ್ಲಾದರೂ ತುಂಡು ಮಾಡಬೇಕು. ಎದ್ದು ಕೂರಿಸಿ, ಮುಂದೆ ದಿಂಬಿನ ಮೇಲೆ ಮೊಳಕೈ ಊರಿ ಬಾಗಲಿ. ಸಣ್ಣ ಫ್ಯಾನಿನ ಗಾಳಿ ನೇರ ಮುಖಕ್ಕೆ, ಮೂಗಿನ ಹತ್ತಿರ ಬಡಿಯಲಿ. ಇದರಿಂದ ಉಸಿರಿನ ಸಂಕಟ ಕಡಿಮೆ ಆಗುತ್ತದೆ ಅಂತ ಅಧ್ಯಯನಗಳಲ್ಲೂ ಕಂಡಿದೆ. ಮೂಗಿನಿಂದ ಉಸಿರು ಎಳೆದು, ಬಿಸಿ ಚಹಾ ಆರಿಸುವ ಹಾಗೆ ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡಲಿ. ಜೊತೆಗಿರುವವರು ಗಾಬರಿಯಾಗದೆ ಬೆನ್ನ ಮೇಲೆ ಕೈ ಇಟ್ಟು ತಾವೂ ಅದೇ ಲಯದಲ್ಲಿ ಉಸಿರಾಡಿ.

ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವ ಕಡೆ, ಕಬ್ಬಿನ ರವದಿ ಸುಡುವ ಕಡೆ ಹೋಗುವುದು ಬೇಡ. ರವದಿ ಸುಡುವ ದಿನ ಮೊದಲೇ ಹೇಳಿ ಅಂತ ಪಕ್ಕದ ಹೊಲದವರನ್ನು ಕೇಳಿಕೊಳ್ಳಿ, ಬಹಳ ಜನ ಒಪ್ಪುತ್ತಾರೆ. ಉಸಿರು ಒಮ್ಮೆಲೇ ಜಾಸ್ತಿ ಕಟ್ಟಿದರೆ, ಬಾಯಿಂದ ರಕ್ತ ಬಂದರೆ, ಮುಖ ಕುತ್ತಿಗೆ ಬಾತರೆ, ಕಾಲಿನ ಶಕ್ತಿ ಹೋದರೆ ಬೆಳಗಿನ ತನಕ ಕಾಯಬೇಡಿ.

ಸ್ಕ್ಯಾನ್ ದಿನ ಹತ್ರ ಬಂತಂದ್ರ ಕೈಕಾಲು ಆಡೂದಿಲ್ಲ. ಏನ್ ಮಾಡ್ಲಿ?

ವರ್ಷಗಟ್ಟಲೆ ಚೆನ್ನಾಗಿರುವವರಿಗೂ ಹೀಗಾಗುತ್ತದೆ. ಸ್ಕ್ಯಾನಿಗೂ ಡಾಕ್ಟರ ಭೇಟಿಗೂ ನಡುವೆ ಕಡಿಮೆ ದಿನ ಇರುವಂತೆ ಅಪಾಯಿಂಟ್‌ಮೆಂಟ್ ಕೇಳಿ. ರಿಪೋರ್ಟನ್ನು ಒಬ್ಬರೇ ಮೊಬೈಲಿನಲ್ಲಿ ತೆರೆದು ಓದಬೇಡಿ. ಆ ದಿನಗಳಲ್ಲಿ ಕೈಗೆ ಕೆಲಸ ಇರಲಿ.

## ಭಾರವಾದ ಪ್ರಶ್ನೆಗಳು

ಇದು ಬರೇ ದುಃಖೋ, ಡಿಪ್ರೆಶನ್ನೋ? ಹ್ಯಾಂಗ ಗೊತ್ತಾಗ್ತದ್ರಿ?

ದುಃಖ ಬಂದು ಹೋಗುತ್ತಿರುತ್ತದೆ. ಮೊಮ್ಮಗಳು ಬಂದರೆ ನಗು ಬರುತ್ತದೆ, ಕ್ರಿಕೆಟ್ ಹಚ್ಚಿದರೆ ನೋಡುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಾರೆ, ‘ನಾ ನಿಮಗ ಭಾರ’ ಅನ್ನುತ್ತಾರೆ ಅಂದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ಕ್ಯಾನ್ಸರ್ ಇದ್ದವರಿಗೆ ಖಿನ್ನತೆ ಬರೋದೇ ಅಂತ ಬಿಟ್ಟುಬಿಡಬೇಡಿ. ಕ್ಯಾನ್ಸರ್ ಔಷಧದ ಜೊತೆಗೆ ಹೊಂದುವ ಗುಳಿಗೆ ಇವೆ, ಮಾತಿನ ಚಿಕಿತ್ಸೆಯೂ ಇದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಮನೆಯಿಂದಲೇ ಮಾತಾಡಬೇಕಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೂ, ಉಚಿತ.

‘ಇನ್ನ ಬದುಕೂದ ಬ್ಯಾಡ’ ಅಂತಾರ. ಸುಮ್ನೆ ಅಂತಾರೋ, ಖರೇನೋ?

ಸುಮ್ನೆ ಅಂತ ತಿಳಿಯಬೇಡಿ. ‘ಜೀವ ಕಳ್ಕೊಳ್ಳೂ ವಿಚಾರ ಬರ್ತೈತೇನು?’ ಅಂತ ನೇರ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯಿಂದ ಹೊರಗಿಡಿ, ಅವತ್ತೇ ಡಾಕ್ಟರಿಗೆ ತೋರಿಸಿ ಅಥವಾ 14416ಕ್ಕೆ ಫೋನ್ ಮಾಡಿ. ಇದನ್ನು ಓದುತ್ತಿರುವ ನಿಮಗೇ ಹಾಗನಿಸುತ್ತಿದ್ದರೆ, ಈಗಲೇ ಪಕ್ಕದಲ್ಲಿರುವವರಿಗೆ ಹೇಳಿ. ಎಷ್ಟೋ ಸಲ ಇದರ ಹಿಂದೆ ತಡೆಯಲಾಗದ ನೋವು ಇರುತ್ತದೆ, ಆ ನೋವನ್ನು ಇಳಿಸಬಹುದು.

ನಾಲ್ಕನೇ ಸ್ಟೇಜ್ ಅಂದಾರ. ಎಷ್ಟ ದಿನಾ ಅಂತ ಖರೇ ಹೇಳ್ರಿ.

ದಿನ ಎಣಿಸಿ ಹೇಳಲು ಯಾರಿಗೂ ಬರುವುದಿಲ್ಲ. ಡಾಕ್ಟರು ‘ಸರಾಸರಿ ಇಷ್ಟು’ ಅಂದರೆ, ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದ್ದಾರೆ ಅಂತಲೂ ಅರ್ಥ. ಬಗೆ, ಜೀನ್, ಮೈಯ ಶಕ್ತಿ ನೋಡಿ ಬಹಳ ವ್ಯತ್ಯಾಸ ಆಗುತ್ತದೆ. ಜೀನಿಗೆ ಹೊಂದುವ ಗುಳಿಗೆ ಸಿಕ್ಕವರಲ್ಲಿ ನಾಲ್ಕನೇ ಸ್ಟೇಜಿನಲ್ಲೂ ವರ್ಷಗಳ ಕಾಲ ಹೊಲ ಮನೆ ನೋಡಿಕೊಂಡಿರುವವರಿದ್ದಾರೆ. ಪೂರ್ತಿ ವಾಸಿಯಾಗುವುದು ಮಾತ್ರ ಈ ಹಂತದಲ್ಲಿ ಅಪರೂಪ. ಅದನ್ನೂ ನಾನು ಮರೆಮಾಚುವುದಿಲ್ಲ.

ಮೊದಲ ದಿನದಿಂದಲೇ ಉಪಶಮನ ಚಿಕಿತ್ಸೆ, ಅಂದರೆ ನೋವು, ಸಂಕಟ ಇಳಿಸುವ ಪಾಲಿಯೇಟಿವ್ ಕೇರ್ ಕೇಳಿ. ‘ಕೈ ಬಿಟ್ಟಾರ’ ಅಂತ ಜನ ಇದಕ್ಕೆ ಹೆದರುತ್ತಾರೆ. 2010ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಪಾಲಿಯೇಟಿವ್ ಕೇರ್ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು. ಅವರು ಸರಾಸರಿ 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ನೋವು, ಉಸಿರು, ನಿದ್ದೆ, ಮನಸ್ಸು ನೋಡಿಕೊಂಡಿದ್ದಕ್ಕೇ ಇಷ್ಟು ಫರಕು.

ಮಾರ್ಫಿನ್ ಬರದಾರ. ಚಟ ಹತ್ತತೈತಿ, ಅದು ಕೊಟ್ರ ಮುಗೀತು ಅಂತಾರಲ್ರಿ?

ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದಷ್ಟೇ ಕೊಟ್ಟರೆ ಚಟ ಹತ್ತುವುದು ಬಹಳ ಅಪರೂಪ. ಅದು ಸಾವನ್ನು ಬೇಗ ತರುವುದೂ ಇಲ್ಲ. ಹೊತ್ತಿಗೆ ಸರಿಯಾಗಿ ಕೊಡಿ, ನೋವು ಬರಲಿ ಅಂತ ಕಾಯಬೇಡಿ. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಔಷಧ ಜೊತೆಗೇ ಬರೆಸಿಕೊಳ್ಳಿ. ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಮುಗಿಯುವ ಮೊದಲೇ ತರಿಸಿ.

ಅಪ್ಪ ಹೊಲದ ವಾಟ್ನಿ (ಪಾಲು) ಮಾತು ತೆಗೀತಾನ. ‘ಅಪಶಕುನ ಮಾತಾಡಬ್ಯಾಡ’ ಅಂತ ಬಾಯಿ ಮುಚ್ಚಸ್ತೀವಿ. ಅದು ಸರಿ ಏನ್ರಿ?

ಮುಚ್ಚಿಸಬೇಡಿ. ಅಪ್ಪ ಧೈರ್ಯ ಮಾಡಿ ಬಾಗಿಲು ತೆರೆದಿದ್ದಾನೆ, ನೀವೂ ಒಳಗೆ ಬನ್ನಿ. ‘ಹೇಳಪ್ಪಾ’ ಅಂತ ಪಕ್ಕದಲ್ಲಿ ಕೂತು ಪೂರ್ತಿ ಕೇಳಿ. ಅಕ್ಕತಂಗಿಯರನ್ನೂ ಆ ಮಾತಿಗೆ ಕರೆಯಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹಿರೀಕರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ, ಮುಚ್ಚಿಟ್ಟರೆ ಆಮೇಲೆ ಕೋರ್ಟಿಗೆ ಹೋಗುತ್ತದೆ. ಹೊಲದ ಮಾತು ಮುಗಿದ ಮೇಲೆ ಬಹಳ ಸಲ ಬೇರೆ ಮಾತು ಬರುತ್ತದೆ: ಯಾರಿಗೋ ಕೊಡಬೇಕಾದ ಸಾಲ, ಮಾತು ಬಿಟ್ಟ ತಮ್ಮನನ್ನು ನೋಡುವ ಆಸೆ. ಆ ತಮ್ಮನಿಗೆ ಅವತ್ತೇ ಫೋನ್ ಮಾಡಿ.

ಕೊನೆಗೆ ಎಲ್ಲಿ ಇರಬೇಕು, ವೆಂಟಿಲೇಟರ್ ಬೇಕೋ ಬೇಡವೋ ಅಂತಲೂ ಅಪ್ಪನನ್ನೇ ಕೇಳಿ, ಡಾಕ್ಟರ ಫೈಲಿನಲ್ಲಿ ಬರೆಸಿಡಿ. ಮನೆಯಲ್ಲೇ ಅಂದರೆ ಮಾರ್ಫಿನ್, ಬೇಕಿದ್ದರೆ ಬಾಡಿಗೆಗೆ ಆಕ್ಸಿಜನ್ ಮಿಷನ್, ರಾತ್ರಿ ಫೋನ್ ಎತ್ತುವ ಒಬ್ಬ ಡಾಕ್ಟರು ಅಥವಾ ನರ್ಸ್, ಇಷ್ಟನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಆ ನಂಬರು ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.